ಇಂಗ್ಲೆಂಡಿನ ಚರ್ಚ್ ಅಂಗಳದ ಮೊಂಡುಗಂಬ: ಶಿಲುಬೆಯೋ, ಬಿಸಿಲು ಗಡಿಯಾರವೋ?

ಪ್ರಶ್ನೆ (ಮೊಂಡುಗಲ್ಲು): ಸಾಮರ್ಸೆಟ್‌ನ ಒಂದು ಹಳ್ಳಿ ಚರ್ಚಿನ ಅಂಗಳದಲ್ಲಿ, ಮೂರು ಮೆಟ್ಟಿಲ ಮೇಲೆ ಆಳೆತ್ತರದ ಕಂಬವಿದೆ. ತುದಿಯಲ್ಲಿ ಬಿಸಿಲು ಗಡಿಯಾರ. ಇದು ಮಧ್ಯಯುಗದ ಶಿಲುಬೆಯೇ ಎಂದು ತಿಳಿಯುವುದು ಹೇಗೆ? ಬಿರುಕಿಗೆ ಸಿಮೆಂಟ್ ತುಂಬಿ ಕಲ್ಲುಹೂವು ಉಜ್ಜಿ ತೆಗೆಯುವ ಮಾತೂ ನಡೆದಿದೆ, ಸರಿಯೇ?

ಶಿಲೆಗಣ್ಣು: ತುದಿ ಬಿಡಿ, ಬುಡ ನೋಡಿ. ಮೆಟ್ಟಿಲ ಮೇಲೆ ಒಂದೇ ದಪ್ಪ ಕಲ್ಲಿನ ಪೀಠ, ಅದರ ನಡುವೆ ಕೊರೆದ ಚೌಕ ಕುಳಿ, ಕುಳಿಯಲ್ಲಿ ಕೂತ ಕಂಬ, ಸಂದಿನಲ್ಲಿ ಕರಗಿಸಿ ಹೊಯ್ದ ಸೀಸ ಕಂಡರೆ ಬಹುಮಟ್ಟಿಗೆ ಶಿಲುಬೆಯೇ. ಕಂಬ ಬುಡದಲ್ಲಿ ಚೌಕವಾಗಿದ್ದು, ಮೇಲೆ ಮೂಲೆಗಳನ್ನು ಕೆತ್ತಿ ಎಂಟು ಮುಖ ಮಾಡಿದ್ದರೆ 14–15ನೇ ಶತಮಾನ ಎನ್ನಬಹುದು. ಪಾಮ್ ಸಂಡೇ (ಈಸ್ಟರ್‌ಗೆ ಹಿಂದಿನ ಭಾನುವಾರ) ಮೆರವಣಿಗೆ ಇಂಥ ಶಿಲುಬೆಯ ಬಳಿ ನಿಲ್ಲುತ್ತಿತ್ತು. ಶಿಲುಬೆಯ ತಲೆ (ತುದಿಯ ಕೆತ್ತನೆಯ ಭಾಗ) ಹೋದದ್ದು ಹೆಚ್ಚಾಗಿ 16ನೇ ಶತಮಾನದ ಕ್ರೈಸ್ತ ಮತಸುಧಾರಣೆಯ ಕಾಲದ ವಿಗ್ರಹಭಂಜನೆಯಲ್ಲಿ. 1643ರಲ್ಲಿ ಪಾರ್ಲಿಮೆಂಟೇ ಬಯಲಿನ ಶಿಲುಬೆಗಳನ್ನು ಕೀಳಲು ಆಜ್ಞೆ ಹೊರಡಿಸಿತು. ಉಳಿದ ಮೊಂಡಿನ ಮೇಲೆ ಆಮೇಲೆ ಬಿಸಿಲು ಗಡಿಯಾರ ಕೂರಿಸಿದ್ದು ಹಲವೆಡೆ ಇದೆ. ಗ್ಲಾಸ್ಟರ್‌ಶೈರ್‌ನ ಆಂಪ್ನಿ ಕ್ರೂಸಿಸ್‌ನಲ್ಲಂತೂ ತಲೆ ಚರ್ಚಿನ ಗೋಡೆಯೊಳಗೇ ಅಡಗಿತ್ತು, 19ನೇ ಶತಮಾನದಲ್ಲಿ ಸಿಕ್ಕಿತು.

ಹಳೆಗಾರೆ: ಸಿಮೆಂಟ್ ಬೇಡವೇ ಬೇಡ. ಅದು ಕಲ್ಲಿಗಿಂತ ಗಟ್ಟಿ, ನೀರನ್ನು ಹೊರಗೆ ಬಿಡುವುದಿಲ್ಲ. ಒಳಗೆ ನಿಂತ ನೀರು ಚಳಿಗೆ ಹೆಪ್ಪುಗಟ್ಟಿ ಹಿಗ್ಗಿದಾಗ ಸೀಳುವುದು ಸಿಮೆಂಟ್ ಅಲ್ಲ, ಪಕ್ಕದ ಕಲ್ಲು. ಸಂದಿಗೆ ಕಲ್ಲಿಗಿಂತ ಮೆದುವಾದ ಸುಣ್ಣದ ಗಾರೆ ಹಾಕಿಸಿ, ಕೆಲಸ ಹಿಮ ಬೀಳದ ತಿಂಗಳಲ್ಲಿ ಇರಲಿ. ಒಣಗುವ ತನಕ ಒದ್ದೆ ಗೋಣಿ ಹೊದಿಸಬೇಕು. ಬಿರುಕು ಮೇಲಿಂದ ಕೆಳಕ್ಕೆ ನೇರವಾಗಿದ್ದು ಕಂದು ಕಲೆ ಇಳಿದಿದ್ದರೆ, ಹಳೆಯ ದುರಸ್ತಿಯಲ್ಲಿ ಇಟ್ಟ ಕಬ್ಬಿಣದ ಮೊಳೆ ಒಳಗೆ ತುಕ್ಕು ಹಿಡಿದು ಉಬ್ಬಿದೆ ಎಂದರ್ಥ. ಅದನ್ನು ತೆಗೆದು ಸ್ಟೇನ್‌ಲೆಸ್ ಸ್ಟೀಲ್ ಹಾಕದೆ ಮೇಲೆ ಎಷ್ಟು ಮೆತ್ತಿದರೂ ದಂಡ. ಕಲ್ಲುಹೂವು ಹಾಗೇ ಇರಲಿ. ತಂತಿ ಬ್ರಷ್ಷು, ಒತ್ತಡದ ನೀರು ಎರಡೂ ಕಲ್ಲಿನ ಮೇಲ್ಪದರವನ್ನೇ ಕಿತ್ತುಬಿಡುತ್ತವೆ. ಅಕ್ಷರ ಓದಬೇಕಿದ್ದರೆ ಸಂಜೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ.

ಕಂಬ್ರಿಯಾಗೆಳೆಯ: ಶಿಲೆಗಣ್ಣು ಹೇಳಿದ ಆಕಾರದ ಲೆಕ್ಕವನ್ನು ಉತ್ತರ ಇಂಗ್ಲೆಂಡಿಗೆ ಹಚ್ಚಬೇಡಿ. ಅಲ್ಲಿನ ಕಂಬ್ರಿಯಾದ ಗಾಸ್ಫರ್ತ್‌ನ 10ನೇ ಶತಮಾನದ ಶಿಲುಬೆ ಕೆಳಗೆ ಗುಂಡು, ಮೇಲೆ ಚೌಕ. ಎತ್ತರ ಸುಮಾರು 4.4 ಮೀಟರ್, ಮೈಮೇಲೆ ನಾರ್ಸ್ (ಸ್ಕ್ಯಾಂಡಿನೇವಿಯಾದ) ಪುರಾಣದ ಚಿತ್ರಗಳೂ ಇವೆ.

ಹಳೆಗಾರೆ: ಇನ್ನೊಂದು ಮಾತು. ಆಂಗ್ಲಿಕನ್ ಚರ್ಚ್ ಅಂಗಳವಾದರೆ ಡಯಾಸಿಸ್‌ನಿಂದ (ಬಿಷಪ್ಪರ ಆಡಳಿತ ವಲಯ) ‘ಫ್ಯಾಕಲ್ಟಿ’ ಎಂಬ ಚರ್ಚಿನದೇ ಅನುಮತಿ ಬೇಕು. ಸಂರಕ್ಷಿತ ಸ್ಮಾರಕದ ಪಟ್ಟಿಯಲ್ಲಿದ್ದರೆ 1979ರ ಕಾಯ್ದೆಯಂತೆ ಸರ್ಕಾರದ ಒಪ್ಪಿಗೆಯೂ ಬೇಕು. ಪರಂಪರೆ ಕಾಯುವ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್‌ನ ಪಟ್ಟಿಯಲ್ಲಿ ಊರಿನ ಹೆಸರು ಹಾಕಿ ಮೊದಲು ಹುಡುಕಿ, ಆಮೇಲೆ ಮೇಸ್ತ್ರಿ.