ನಾಲ್ಕೂವರೆ ವರ್ಷದ ಮಗ "ಅದು ಅಮ್ಮನ ಕೆಲಸ" ಅನ್ನುತ್ತಾನೆ, ಎಲ್ಲಿಂದ ಕಲಿತ?

ದಾವಣಗೆರೆ ಅಮ್ಮ:
ನಿನ್ನೆ ನನ್ನ ಗಂಡ ಹಾಲ್ ಗುಡಿಸುತ್ತಿದ್ದರು. ಮಗ ಓಡಿ ಬಂದು ಅವರ ಕೈಯಿಂದ ಪೊರಕೆ ಕಿತ್ತುಕೊಂಡ. ಹೆಚ್ಚೂಕಡಿಮೆ ಅವನಷ್ಟೇ ಉದ್ದದ ಪೊರಕೆ ಅದು, ನೆಲದ ಮೇಲೆ ಎಳೆದುಕೊಂಡೇ ಅಡುಗೆಮನೆಗೆ ಬಂದು ನನ್ನ ಕೈಗೆ ಕೊಟ್ಟ. "ಅಪ್ಪ ಗುಡಿಸಬಾರದು, ಅದು ಅಮ್ಮನ ಕೆಲಸ" ಅಂದ. ನನಗೆ ತುಂಬಾ ಕಸಿವಿಸಿ ಆಯಿತು. ನಾವ್ಯಾರೂ ಹಾಗೆ ಹೇಳಿಕೊಟ್ಟಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಭಾನುವಾರ ಗಂಡ ನನಗೆ ತುಂಬಾ ಹೆಲ್ಪ್ ಮಾಡುತ್ತಾರೆ. ಟಿವಿ ನೋಡಿ ಕಲಿತನಾ, ಎಲ್‌ಕೆಜಿಯಲ್ಲಾ? ಈಗಲೇ ತಿದ್ದಬೇಕಾ, ಸುಮ್ನೆ ಬಿಟ್ಟರೆ ತಾನಾಗೇ ಹೋಗುತ್ತದಾ?

ಅಂಗನವಾಡಿ ಟೀಚರ್:
ಗಾಬರಿ ಆಗಬೇಡಿ ಅಮ್ಮ. ಮೂರು ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳಿಗೆ ತಾನು ಹುಡುಗನೋ ಹುಡುಗಿಯೋ ಅಂತ ಗೊತ್ತಿರುತ್ತದೆ. ಆಮೇಲೆ ಐದಾರು ವರ್ಷದವರೆಗೂ ಯಾರು ಏನು ಮಾಡಬೇಕು ಅಂತ ನೋಡುತ್ತಲೇ ಇರುತ್ತಾರೆ, ಕಂಡದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ನಮ್ಮ ಅಂಗನವಾಡಿಯಲ್ಲಿ ಒಬ್ಬ ಹುಡುಗ, ಬಳೆ ತೊಟ್ಟರೆ ಹುಡುಗಿ ಆಗಿಬಿಡುತ್ತೇನೆ ಅಂತ ಹೆದರಿ ಅತ್ತಿದ್ದ.

ಯಾರೂ ಹೇಳಿಕೊಡಬೇಕಾಗಿಲ್ಲ. ನೆಂಟರು ಬಂದಾಗ ಗಮನಿಸಿ. ಹುಡುಗಿಗೆ "ನೀರು ತಂದುಕೊಡು ಪುಟ್ಟಿ" ಅನ್ನುತ್ತೇವೆ, ಹುಡುಗನಿಗೆ "ಮಾಮಂಗೆ ಒಂದು ಪದ್ಯ ಹೇಳು" ಅನ್ನುತ್ತೇವೆ. ಊಟದ ಮಧ್ಯೆ ಉಪ್ಪು ಬೇಕಾದರೆ ನಿಮ್ಮ ಮನೆಯಲ್ಲಿ ಯಾರು ಏಳುತ್ತಾರೆ?

ಬಳ್ಳಾರಿ ಹುಡುಗ:
ಇಷ್ಟು ಚಿಕ್ಕ ಮಗುವಿನ ಮಾತಿಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕಾ? ನಾವೂ ಹೀಗೇ ಬೆಳೆದದ್ದು. ದೊಡ್ಡವನಾದ ಮೇಲೆ ಅರ್ಥ ಆಗುತ್ತದೆ ಬಿಡಿ.

ಇಬ್ಬರು ಹೆಣ್ಣುಮಕ್ಕಳ ಅಪ್ಪ, ಮೈಸೂರು:
ಇಲ್ಲ ಸರ್, ಅಷ್ಟು ಸುಲಭವಾಗಿ ಬಿಡುವ ಮಾತಲ್ಲ ಇದು. ಅಮೆರಿಕದ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. "ತುಂಬಾ ತುಂಬಾ ಬುದ್ಧಿವಂತರು" ಯಾರು ಅಂತ ಕೇಳಿದಾಗ ಐದು ವರ್ಷದ ಹುಡುಗಿಯರು, ಹುಡುಗರು ಗಂಡಸರನ್ನು ತೋರಿಸಿದಷ್ಟೇ ಧೈರ್ಯವಾಗಿ, ಹೆಂಗಸರನ್ನು ತೋರಿಸಿದರು. ಆರಕ್ಕೆ ಬರುವಷ್ಟರಲ್ಲಿ ಹುಡುಗಿಯರಲ್ಲಿ ಅದು ಕಡಿಮೆ ಆಗಿತ್ತು. ಒಂದೇ ವರ್ಷದ ಅಂತರ! ನನ್ನ ಚಿಕ್ಕವಳಿಗೆ ಈಗ ಐದು, ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಅಕ್ಕ, ತಪ್ಪು ತಿಳಿಯಬೇಡಿ. "ನನಗೆ ಹೆಲ್ಪ್ ಮಾಡುತ್ತಾರೆ" ಅಂತ ನೀವೇ ಬರೆದಿದ್ದೀರಿ. ಹಾಗಂದರೆ ಕೆಲಸ ನಿಮ್ಮದು, ಅವರು ಕೈಜೋಡಿಸಿದರು ಅಂತ ತಾನೇ? ಮಗ ಹೇಳಿದ್ದೂ ಅದನ್ನೇ. ವಾರದಲ್ಲಿ ಆರು ದಿನ ನಿಮ್ಮ ಕೈಯಲ್ಲೇ ಪೊರಕೆ ನೋಡಿದ ಮಗು ಇನ್ನೇನು ಹೇಳಬೇಕು? 2019ರಲ್ಲಿ ಕೇಂದ್ರ ಸರ್ಕಾರ ಮಾಡಿದ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ ಮಾತ್ರ.

ದಾವಣಗೆರೆ ಅಮ್ಮ:
ಓದಿ ಸ್ವಲ್ಪ ಹೊತ್ತು ಹಾಗೇ ಕೂತುಬಿಟ್ಟೆ. ಆ ಹೆಲ್ಪ್ ಅನ್ನುವ ಮಾತು ದಿನಾ ನನ್ನ ಬಾಯಲ್ಲೇ ಬರುತ್ತದೆ. ಆದರೆ ನಮ್ಮತ್ತೆ "ಗಂಡುಮಗ ಎಂಜಲು ತಟ್ಟೆ ಎತ್ತಬಾರದು" ಅನ್ನುತ್ತಾರಲ್ಲ, ಅವರ ಮುಂದೆ ಏನು ಮಾಡಲಿ?

ಅಂಗನವಾಡಿ ಟೀಚರ್:
ಅತ್ತೆ ಜೊತೆ ನೀವು ವಾದಕ್ಕೆ ಹೋಗಬೇಡಿ, ಇದು ಅವರ ಮಗ ಮಾಡಬೇಕಾದದ್ದು. ಊಟ ಆದ ತಕ್ಷಣ ಏನೂ ಮಾತಾಡದೆ ತಮ್ಮ ತಟ್ಟೆ, ಅವರಮ್ಮನ ತಟ್ಟೆ ಎರಡೂ ಎತ್ತಿಕೊಂಡು ಹೋಗಿ ತೊಳೆಯಲಿ. ಮಂಗಳವಾರವೂ, ಬುಧವಾರವೂ. ಮಗನನ್ನು ಪಕ್ಕದಲ್ಲಿ ಸ್ಟೂಲ್ ಹಾಕಿ ನಿಲ್ಲಿಸಿ, ಕೈಗೆ ಒಂದು ಚಿಕ್ಕ ಲೋಟ ಕೊಡಿ. ನೀರು ಚೆಲ್ಲುತ್ತಾನೆ, ಬೈಯಬೇಡಿ. "ಜಾಣ, ಅಮ್ಮಂಗೆ ಹೆಲ್ಪ್ ಮಾಡಿದ" ಅಂತ ಹೊಗಳಲೂ ಬೇಡಿ.