‘ಹೆಬ್’ ಮತ್ತು ‘ಹಬ್ಬ’: ಈಜಿಪ್ಟಿನ ಪಂಚಾಂಗದ ಪದಗಳು

ಪ್ರಶ್ನೆ:

ಪ್ರಾಚೀನ ಈಜಿಪ್ಟಿನ ಹಬ್ಬಗಳ ಮೇಲಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿ ಹಬ್ಬಕ್ಕೆ ‘ಹೆಬ್’ ಎನ್ನುತ್ತಾರೆ. ನಮ್ಮ ‘ಹಬ್ಬ’ಕ್ಕೂ ಅದಕ್ಕೂ ನಂಟುಂಟೇ? ಅಖೆತ್, ಪೆರೆತ್, ಶೆಮು ಎಂಬ ಮೂರು ಕಾಲಗಳಿಗೆ ಮಳೆಗಾಲ, ಚಳಿಗಾಲ, ಬೇಸಿಗೆ ಎಂದರೆ ಸಾಲದೇ? ಮಿನ್ ದೇವರ ಪೂಜೆಗೆ ‘ಲಿಂಗಪೂಜೆ’ ಎನ್ನಬಹುದೇ? ತಿಳಿದವರು ಹೇಳಬೇಕು.

ಉತ್ತರ:

ನಂಟಿಲ್ಲ. ‘ಹಬ್ಬ’ದ ಹಕಾರ ನಮ್ಮಲ್ಲೇ ಈಚೆಗೆ ಬಂದದ್ದು. ಸಂಸ್ಕೃತದ ‘ಪರ್ವ’ ಪ್ರಾಕೃತದ ದಾರಿಯಲ್ಲಿ ಹಳಗನ್ನಡಕ್ಕೆ ‘ಪಬ್ಬ’ ಆಗಿ ಬಂತು. ಪಾಲ್ ಹಾಲಾದಂತೆ, ಪೂ ಹೂವಾದಂತೆ ಪಬ್ಬ ಹಬ್ಬವಾಯಿತು. ಅತ್ತ ಈಜಿಪ್ಟಿನ ಬರಹದಲ್ಲಿ ಸ್ವರಗಳೇ ಇಲ್ಲ. ಇರುವುದು ಗಂಟಲಾಳದ ಒಂದು ಹ, ಒಂದು ಬ. ನಡುವಿನ ‘ಎ’ ಓದಲು ಸುಲಭವಾಗಲೆಂದು ವಿದ್ವಾಂಸರು ತುಂಬಿದ್ದು. ಎರಡು ಸಾವಿರ ವರ್ಷ ಹಿಂದಕ್ಕೆ ಹೋದರೆ ನಮ್ಮ ಕಡೆ ಪಕಾರ, ಅವರ ಕಡೆ ಹಕಾರ; ಹೋಲಿಕೆ ಅಲ್ಲೇ ಮುಗಿಯಿತು. ಆದರೂ ಅನುವಾದಕ್ಕೆ ‘ಹಬ್ಬ’ವೇ ಸರಿ, ಅರ್ಥ ಚೆನ್ನಾಗಿ ಕೂಡುತ್ತದೆ.

ಕಾಲಗಳ ವಿಷಯದಲ್ಲಿ ಮಾತ್ರ ಮಳೆಗಾಲ ಬೇಡವೇ ಬೇಡ. ಮೇಲಿನ (ಅಂದರೆ ದಕ್ಷಿಣದ) ಈಜಿಪ್ಟಿನಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ನೈಲ್ ಉಕ್ಕುವುದು ದೂರದ ಇಥಿಯೋಪಿಯದ ಎತ್ತರದಲ್ಲಿ ಸುರಿದ ನೀರಿನಿಂದ. ಅಖೆತ್ ‘ನೆರೆಗಾಲ’, ಶೆಮು ‘ಕೊಯ್ಲುಗಾಲ’. ಪೆರೆತ್ ಎಂದರೆ ಹೊರಬರುವುದು, ‘ಬೆಳೆಗಾಲ’ ಹೊಂದುತ್ತದೆ.

ಇಲ್ಲೊಂದು ತೊಡಕಿದೆ. ವರ್ಷಕ್ಕೆ 365 ದಿನ, ಅಧಿಕ ದಿನವಿಲ್ಲ. ನಾಲ್ಕು ವರ್ಷಕ್ಕೊಂದು ದಿನ ಪಂಚಾಂಗ ಋತುವಿಗಿಂತ ಮುಂದೋಡುತ್ತದೆ. ಏಳೂವರೆ ಶತಮಾನದೊಳಗೆ ಕೊಯ್ಲಿನ ತಿಂಗಳು ಇದ್ದ ಜಾಗದಿಂದ ಅರ್ಧ ವರ್ಷ ಸರಿದಿರುತ್ತದೆ. ಕ್ರಿ.ಪೂ. 238ರ ಕನೋಪಸ್ ಶಾಸನ ನಾಲ್ಕು ವರ್ಷಕ್ಕೊಂದು ದಿನ ಸೇರಿಸಲು ಹೊರಟದ್ದು ಇದೇ ಕಾರಣಕ್ಕೆ: ಚಳಿಗಾಲದ ಹಬ್ಬ ಬೇಸಿಗೆಯಲ್ಲಿ ಬೀಳದಿರಲಿ ಎಂದು ಅದರಲ್ಲೇ ಬರೆದಿದೆ. ಆ ಸುಧಾರಣೆ ಬಳಕೆಯಲ್ಲಿ ಉಳಿಯಲಿಲ್ಲ. ಹಾಗಾಗಿ ತಾರೀಖು ಕೊಡುವಾಗ ‘ಶೆಮುವಿನ 1ನೇ ತಿಂಗಳು’ ಎಂದು ಮೂಲ ಹೆಸರನ್ನೇ ಇಡಿ, ಅರ್ಥವನ್ನು ಮೊದಲ ಸಲ ಮಾತ್ರ ಹೇಳಿ. ಚೈತ್ರ, ವೈಶಾಖಗಳಿಗೆ ಜೋಡಿಸಲು ಹೋಗಬೇಡಿ. ಅವರ ತಿಂಗಳು ಅಳತೆಗೆ ಸರಿಯಾಗಿ 30 ದಿನ, ಹತ್ತತ್ತು ದಿನದ ಮೂರು ಪಾಲು. ಆ ಪಾಲಿಗೆ ‘ವಾರ’ ಎಂದರೆ ಓದುಗರು ಏಳು ಎಣಿಸುತ್ತಾರೆ; ‘ಪಕ್ಷ’ ಎಂದರೆ ಹದಿನೈದು.

‘ಲಿಂಗಪೂಜೆ’ ಎಂದೊಡನೆ ಕನ್ನಡ ಓದುಗರ ಕಣ್ಣಮುಂದೆ ಶಿವ ನಿಲ್ಲುತ್ತಾನೆ. ಮಿನ್ ನೆಟ್ಟ ಶಿಶ್ನದ, ಕೈಯೆತ್ತಿ ನಿಂತ ಪೂರ್ಣ ಮನುಷ್ಯರೂಪದ ದೇವರು. ಪೂಜೆ ಆ ಮೂರ್ತಿಗೆ. ಅವನ ಹಬ್ಬದ ಹೆಸರು ‘ಪೆರೆತ್ ಮಿನ್’, ಕಾಲದ ಹೆಸರಿನಲ್ಲಿರುವ ಧಾತುವೇ ಇಲ್ಲಿಯೂ ಇದೆ. ‘ಮಿನ್ ಉತ್ಸವ ಹೊರಡುವುದು’ ಎಂದರೆ ನಮ್ಮ ನುಡಿಗಟ್ಟಿಗೆ ಇದಕ್ಕಿಂತ ಹತ್ತಿರದ್ದಿಲ್ಲ. ಮೆದಿನೆತ್ ಹಾಬು ದೇವಾಲಯದ ಗೋಡೆಯಲ್ಲಿ ರಾಜ ಮೂರನೆಯ ರಾಮ್ಸೆಸ್ ಈ ಹಬ್ಬ ನಡೆಸುವ ಕ್ರಮ ಕಾಣುತ್ತದೆ: ಅರ್ಚಕರು ಮೂರ್ತಿಯನ್ನು ಹೆಗಲ ಮೇಲೆ ಹೊತ್ತು ಬರುತ್ತಾರೆ, ಎತ್ತಲ್ಲ, ಬಿಳಿ ಹೋರಿ ಜೊತೆಗಿರುತ್ತದೆ (ಬೀಜ ಒಡೆದ ಎತ್ತಿಗೆ ಈ ಹಬ್ಬದಲ್ಲಿ ಏನು ಕೆಲಸ!), ರಾಜ ಕುಡುಗೋಲಿನಿಂದ ತೆನೆಕಟ್ಟು ಕೊಯ್ಯುತ್ತಾನೆ, ನಾಲ್ಕು ಹಕ್ಕಿಗಳನ್ನು ನಾಲ್ಕು ದಿಕ್ಕಿಗೆ ಬಿಡುತ್ತಾರೆ. ಮಿನ್‌ಗೆ ಪ್ರಿಯವಾದದ್ದು ಎತ್ತರಕ್ಕೆ ಬೆಳೆಯುವ ಲೆಟ್ಯೂಸ್. ಮುರಿದರೆ ಬಿಳಿ ಹಾಲು ಒಸರುವುದೇ ಕಾರಣವೆಂದು ವಿದ್ವಾಂಸರು ಹೇಳುತ್ತಾರೆ. ಬರೀ ‘ಸೊಪ್ಪು’ ಎಂದರೆ ಈ ಅರ್ಥ ಹೋಗಿಬಿಡುತ್ತದೆ.

‘ಫಲವತ್ತತೆ’ಯನ್ನು ನೆಲಕ್ಕೆ, ಅಂದರೆ ನೈಲ್ ಪ್ರವಾಹದ ದೇವರು ಹಾಪಿಗೆ ಇಟ್ಟುಕೊಳ್ಳಿ. ಮಿನ್‌ಗೆ ‘ಸಂತಾನಶಕ್ತಿ’, ಕಣಜ ಕಾಯುವ ನಾಗದೇವಿ ರೆನೆನುತೆತ್‌ಗೆ ‘ಸುಗ್ಗಿ’. ಎಲ್ಲಕ್ಕೂ ಒಂದೇ ಪದ ಹಾಕಿದರೆ ದೇವರುಗಳೆಲ್ಲ ಒಂದೇ ಆಗುತ್ತಾರೆ.

ಸತ್ತವರ ಲೋಕದ ದೇವರು ಒಸಿರಿಸ್‌ನ ಖೋಯಾಕ್ ತಿಂಗಳ (ಅಖೆತ್‌ನ ನಾಲ್ಕನೆಯದು) ಆಚರಣೆಯಲ್ಲಿ ಎರಡು ಕಡೆ ಜಾರುವ ಅಪಾಯವಿದೆ. ದೆಂದೆರಾ ದೇವಾಲಯದ ಬರಹದಂತೆ, 12ರಂದು ಒಸಿರಿಸ್ ರೂಪದ ಎರಡು ಹೋಳಿನ ಚಿನ್ನದ ಅಚ್ಚಿನಲ್ಲಿ ಬಾರ್ಲಿ ಮತ್ತು ಮರಳು ತುಂಬಿ, ದಿನವೂ ನೀರೆರೆದು ಮೊಳಕೆ ಬರಿಸುತ್ತಾರೆ. 21ರಂದು ಹೋಳುಗಳನ್ನು ಬಿಡಿಸಿ ಒಂದಾಗಿ ಕಟ್ಟುತ್ತಾರೆ. 22ರಂದು 34 ದೋಣಿ, 365 ದೀಪಗಳ ಮೆರವಣಿಗೆ. ಮೂರ್ತಿಯನ್ನು ಹೆಣದಂತೆ ಸುತ್ತಿ ಮುಂದಿನ ವರ್ಷದವರೆಗೆ ಇಟ್ಟು, ಆಮೇಲೆ ಹೂಳುತ್ತಾರೆ. ಇದಕ್ಕೆ ‘ಅಂಕುರಾರ್ಪಣ’ ಎನ್ನಲು ಮನಸ್ಸಾಗುತ್ತದೆ. ಆದರೆ ನಮ್ಮಲ್ಲಿ ಮೊಳಕೆ ಉತ್ಸವದ ಆರಂಭಕ್ಕೆ ಮಂಗಳಸೂಚಕ. ಅಲ್ಲಿ ಮೊಳೆಯುವುದು ಸತ್ತ ದೇವರ ಮೈಯೇ. ‘ಧಾನ್ಯಮೂರ್ತಿ’ ಎನ್ನಿ. ಇಂಗ್ಲಿಷಿನ ‘ಕಾರ್ನ್ ಮಮ್ಮಿ’ ನೋಡಿ ‘ಜೋಳದ ಮಮ್ಮಿ’ ಎಂದೀರಿ, ಜೋಕೆ; ಇಲ್ಲಿ ‘ಕಾರ್ನ್’ ಎಂದರೆ ಬರೀ ಧಾನ್ಯ, ಮೆಕ್ಕೆಜೋಳ ಅಮೆರಿಕದ್ದು, ಅಲ್ಲಿಗೆ ಬರಲು ಇನ್ನೂ ಬಹಳ ಕಾಲವಿತ್ತು.

ಎರಡನೆಯದು ‘ಜವೆಗೋಧಿ’. ನಿಘಂಟಿನಲ್ಲಿ ಅದು ಬಾರ್ಲಿ, ಉತ್ತರ ಕರ್ನಾಟಕದ ಅಂಗಡಿಯಲ್ಲಿ ಎಮ್ಮರ್ ಗೋಧಿ, ಸದಕವೆಂದೂ ಕರೆಯುವುದು. ಒಸಿರಿಸ್‌ನ ಅಚ್ಚಿನಲ್ಲಿರುವುದು ಬಾರ್ಲಿ, ಮಿನ್ ಮುಂದೆ ಕೊಯ್ಯುವುದು ಎಮ್ಮರ್. ಹಾಗಾಗಿ ‘ಬಾರ್ಲಿ’, ‘ಸದಕ ಗೋಧಿ’ ಎಂದು ಬೇರ್ಪಡಿಸಿ, ಜವೆ ಬಿಟ್ಟುಬಿಡಿ.

ವರ್ಷದ ಕೊನೆಯ ಐದು ದಿನಗಳಿಗೆ ‘ಅಧಿಕಮಾಸ’ ಸಲ್ಲದು, ಅವು ಪ್ರತಿ ವರ್ಷವೂ ಇವೆ. ಮೂಲದ ಅರ್ಥ ‘ವರ್ಷದ ಮೇಲಿನವು’. ‘ಮೇಲಿನ ಐದು ದಿನ’ ಎಂದರೆ ಸಾಕು. ಅವು ಕ್ರಮವಾಗಿ ಒಸಿರಿಸ್, ಹೋರಸ್, ಸೆತ್, ಐಸಿಸ್, ನೆಫ್ತಿಸ್ ಹುಟ್ಟಿದ ದಿನಗಳು.