ಪಾಂಪ್ಲೆಟ್ ಫೋಟೋ ಬಗ್ಗೆ, ಚಿಕ್ಕಮ್ಮಂಗೆ

ಚಿಕ್ಕಮ್ಮ, ಸಿದ್ಧಗಂಗೆ ಜಾತ್ರೇಲಿ ಹಂಚೋ ಪಾಂಪ್ಲೆಟ್‌ಗೆ ಈ ಮೂರು ಫೋಟೋ ಆಗ್ತವಾ ಅಂತ ಕೇಳಿದ್ರಲ್ಲ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳಿ. ಕೊಬ್ಬರಿ ಮಿಠಾಯಿದು ಹೆಂಗೋ ನಡೆಯುತ್ತೆ. ಚಟ್ನಿಪುಡಿ ಇನ್ನೊಂದ್ಸಲ ತೆಗೀಬೇಕು. ಎಣ್ಣೆ ಬಾಟ್ಲಿದಂತೂ ಬೇಡವೇ ಬೇಡ.

ಮೊದಲನೇದು, ಗ್ರೂಪಲ್ಲಿ ಹಾಕಿದ ಫೋಟೋನ ಪ್ರೆಸ್‌ಗೆ ಕೊಡ್ಬೇಡಿ. ಮಾಮೂಲಿ ಕ್ವಾಲಿಟಿಲಿ ಕಳಿಸಿದ್ರೆ ವಾಟ್ಸಾಪು ಅದನ್ನ ಉದ್ದದ ಕಡೆ ಸುಮಾರು 1600 ಪಿಕ್ಸೆಲ್‌ಗೆ, ಅಂದ್ರೆ ಫೋಟೋದ ಚುಕ್ಕೆಗಳಿಗೆ, ಇಳಿಸಿಬಿಡುತ್ತೆ. ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. ಎಣ್ಣೆ ಬಾಟ್ಲಿ ಪುಟದ ತುಂಬಾ ಬರಬೇಕು ಅಂತೀರಿ, ಎ5 ಹಾಳೆ 21 ಸೆಂಟಿಮೀಟರ್ ಉದ್ದ, ಅಂದ್ರೆ ಹತ್ತಿರತ್ತಿರ 2500 ಪಿಕ್ಸೆಲ್. ಐದು ಸೆಂಟಿಮೀಟರಿನ ಸಣ್ಣ ಫೋಟೋಗೆ 600 ಸಾಕು, ಮಿಠಾಯಿದು ನಡೆಯುತ್ತೆ ಅಂದಿದ್ದು ಅದಕ್ಕೇ. ಕಳಿಸುವಾಗ ಫೋಟೋ ಅಂತ ಒತ್ತದೆ ಡಾಕ್ಯುಮೆಂಟ್ ಅಂತ ಒತ್ತಿ ಕಳಿಸಿ. ಸ್ಕ್ರೀನ್‌ಶಾಟ್ ಬೇಡ.

ಈಗ ಬಾಟ್ಲಿ. ಬೆಳಿಗ್ಗೆ ಚಳಿಗೆ ಎಣ್ಣೆ ಮಂಜುಮಂಜಾಗಿದೆ ನೋಡಿ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಲ್ಲಿ ಹೆಪ್ಪುಗಟ್ಟೋಕೆ ಶುರುವಾಗುತ್ತೆ, ನೋಡಿದೋರು ಕಲಬೆರಕೆ ಅಂದ್ಕೋತಾರೆ. ಬಿಸಿನೀರಲ್ಲಿ ಇಡ್ಬೇಡಿ, ಲೇಬಲ್ ಮುದುಡುತ್ತೆ. ಬಿಸಿಲಲ್ಲಿ ಪೂರ್ತಿ ತಿಳಿ ಆಗೋವರೆಗೂ ಇಟ್ಟು, ಹತ್ತಿಬಟ್ಟೆಲಿ ಬೆರಳಚ್ಚು ಒರೆಸಿ. ಆಮೇಲೆ ನೇರ ಬಿಸಿಲು ಬೀಳದ ಕಿಟಕಿ ಪಕ್ಕ ಮೇಜು ಹಾಕಿ. ಬಿಳಿ ಡ್ರಾಯಿಂಗ್ ಶೀಟನ್ನ ಗೋಡೆಯಿಂದ ಮೇಜಿನವರೆಗೂ ಮಡಿಕೆ ಬೀಳದಂಗೆ ಇಳಿಬಿಡಿ. ಟ್ಯೂಬ್‌ಲೈಟ್ ಆರಿಸಿ, ಇಲ್ಲಾಂದ್ರೆ ಒಂದು ಕಡೆ ನೀಲಿ ಒಂದು ಕಡೆ ಹಳದಿ ಬರುತ್ತೆ, ಅದನ್ನ ಆಮೇಲೆ ಸರಿ ಮಾಡೋದು ದೊಡ್ಡ ತಲೆನೋವು. ಕಿಟಕಿಗೆ ಎದುರು ಕಡೆ ಒಂದು ಥರ್ಮೊಕೋಲ್ ನಿಲ್ಲಿಸಿದ್ರೆ ನೆರಳು ತಿಳಿಯಾಗುತ್ತೆ. ಇನ್ನೊಂದು ವಿದ್ಯೆ: ಬಾಟ್ಲಿಗಿಂತ ಸ್ವಲ್ಪ ಚಿಕ್ಕದಾಗಿ ಬಿಳಿ ರಟ್ಟು ಕತ್ತರಿಸಿ ಬಾಟ್ಲಿ ಹಿಂದೆ ಆನಿಸಿ. ಎಣ್ಣೆ ಒಳಗಿಂದ ಬೆಳಕು ಬಂದಂಗೆ ಕಾಣುತ್ತೆ. ಹಿನ್ನೆಲೆ ಅಳಿಸೋ ಆ್ಯಪ್‌ಗೆ ಮಾತ್ರ ಗಾಜಿನ ಬಾಟ್ಲಿ ಕೊಡ್ಬೇಡಿ, ಅಂಚನ್ನೆಲ್ಲ ತಿಂದುಹಾಕುತ್ತೆ.

ಫೋನ್ ಮೂರಡಿ ದೂರದಲ್ಲಿ, ಬಾಟ್ಲಿ ನಡುಮಟ್ಟಕ್ಕೆ ಇರ್ಲಿ. ತೀರಾ ಹತ್ತಿರ ಹೋದ್ರೆ ಬಾಟ್ಲಿ ಹೊಟ್ಟೆ ಉಬ್ಬಿದಂಗೆ ಕಾಣುತ್ತೆ. ಜೂಮ್ ಬೇಡ, ಪೋರ್ಟ್ರೇಟ್ ಮೋಡೂ ಬೇಡ, ಮುಚ್ಚಳದ ಅಂಚು ಮಸುಕಾಗುತ್ತೆ. ಸುತ್ತ ಜಾಗ ಬಿಟ್ಟು ತೆಗೀರಿ, ಅಂಚಿಗೆ 3 ಮಿಲಿಮೀಟರ್ ಬ್ಲೀಡ್, ಅಂದ್ರೆ ಹೆಚ್ಚುವರಿ ಜಾಗ ಬೇಕು, ಅದು ಕಟಿಂಗಲ್ಲಿ ಹೋಗುತ್ತೆ. ಬಿಳಿ ಶೀಟ್ ನೋಡಿ ಫೋನು ತಾನೇ ಕತ್ತಲೆ ಮಾಡುತ್ತೆ, ಸ್ಕ್ರೀನಲ್ಲಿ ಬಾಟ್ಲಿ ಮೇಲೆ ಬೆರಳೊತ್ತಿ, ಆಗ ಕಾಣೋ ಸೂರ್ಯನ ಗುರುತನ್ನ ಸ್ವಲ್ಪ ಮೇಲಕ್ಕೆ ಎಳೀರಿ. ಹಂಗೆ ಮಾಡದೆ ಬೂದುಬಣ್ಣ ಉಳಿದ್ರೆ ನಿಮ್ಮ ಫೋನಲ್ಲಿ ಗೊತ್ತೇ ಆಗಲ್ಲ, ಅಚ್ಚಾದ ಮೇಲೆ ಬಾಟ್ಲಿ ಹಿಂದಿನ ಬಿಳಿಯೆಲ್ಲ ಕೊಳೆಯಾಗಿ ಕಾಣುತ್ತೆ.

ಚಟ್ನಿಪುಡಿಗೆ ಇದರ ಉಲ್ಟಾ. ಸೂರ್ಯನ ಗುರುತು ಕೆಳಕ್ಕೆ. ಬ್ಯಾಡಗಿ ಮೆಣಸಿನಕಾಯಿ ಕೆಂಪು ಜಾಸ್ತಿ ಬೆಳಕಿಗೆ ಒಂದೇ ಮುದ್ದೆ ಆಗುತ್ತೆ, ಕಾಳುಕಾಳಾಗಿ ಕಾಣಲ್ಲ. ಸ್ಟೀಲ್ ತಟ್ಟೆ ತೆಗೀರಿ, ನಿಮ್ಮ ಸೀರೆ ಅಂಚೆಲ್ಲ ಅದರಲ್ಲಿ ಕಾಣ್ತಿದೆ! ನೀರಿಲ್ಲದಂಗೆ ಒರೆಸಿದ ಬಾಳೆಲೆ ಮೇಲೆ ಸಣ್ಣ ಗುಡ್ಡೆ ಮಾಡಿ, ಬೆಳಕು ಒಂದೇ ಪಕ್ಕದಿಂದ ಬರ್ಲಿ.

ಪ್ರೆಸ್‌ನೋರಿಗೆ ಎರಡೇ ಮಾತು ಕೇಳಿ. ನುಣುಪಾದ ಆರ್ಟ್ ಪೇಪರಾ, ಲೇಪನ ಇಲ್ಲದ ಮ್ಯಾಪ್‌ಲಿಥೋ ಪೇಪರಾ? ಮ್ಯಾಪ್‌ಲಿಥೋ ಶಾಯಿ ಹೀರಿಕೊಂಡು ಫೋಟೋ ಕಪ್ಪಾಗುತ್ತೆ, ಅದಕ್ಕೆ ಮೊದಲೇ ತಿಳಿ ಮಾಡಿಸಬೇಕು. ಮತ್ತೆ ನಾಲ್ಕು ಬಣ್ಣದ ಶಾಯಿಗೆ ಬದಲಾಯಿಸಿದ ಮೇಲೆ ಬಾಳೆಲೆ ಹಸಿರು ಮಂಕಾಗೇ ಆಗುತ್ತೆ, ಫೋನಲ್ಲಿದ್ದಂಗೆ ಬರ್ಲಿಲ್ಲ ಅಂತ ಜಗಳಕ್ಕೆ ಹೋಗ್ಬೇಡಿ. ಫೋನ್ ಸ್ಕ್ರೀನಿನ ಬೆಳಕು ಅರ್ಧಕ್ಕಿಳಿಸಿ ನೋಡಿದ್ರೆ ಪೇಪರ್ ಮೇಲೆ ಹೆಂಗೆ ಬರುತ್ತೋ ಅಂದಾಜು ಸಿಗುತ್ತೆ. ಕನ್ನಡ ಅಕ್ಷರ ಕರ್ವ್ ಮಾಡಿಸಿದ್ದಾರಾ, ಅಂದ್ರೆ ಅಕ್ಷರನ ಚಿತ್ರದ ಗೆರೆಯಾಗಿ ಬದಲಾಯಿಸಿದ್ದಾರಾ ನೋಡ್ಕೊಳ್ಳಿ, ಇಲ್ಲಾಂದ್ರೆ ಅವರ ಕಂಪ್ಯೂಟರಲ್ಲಿ ಆ ಫಾಂಟ್ ಇಲ್ದಿದ್ರೆ 'ಕೊಬ್ಬರಿ'ಯ ಒತ್ತು ಎಲ್ಲೋ ಹೋಗಿ ಕೂರುತ್ತೆ.

ನಾಳೆ ಬಾಟ್ಲಿದೊಂದೇ ತೆಗೆದು ಡಾಕ್ಯುಮೆಂಟ್ ಮಾಡಿ ಕಳಿಸಿ. ನೋಡಿ ಹೇಳ್ತೀನಿ, ಆಮೇಲೆ ಉಳಿದವಕ್ಕೆ ಕೈ ಹಾಕಿ.